ಸೆಟ್‌ಟೈಮ್‌ಔಟ್ ಹಾಕಿದರೆ ಕೆಲಸ ಬ್ಯಾಕ್‌ಗ್ರೌಂಡಿಗೆ ಹೋಗುವುದಿಲ್ಲ

ಜಾವಾಸ್ಕ್ರಿಪ್ಟ್ ಬರೆಯುವವರಲ್ಲಿ ಬಹಳ ಜನ ಒಂದು ತಪ್ಪು ಲೆಕ್ಕ ಇಟ್ಟುಕೊಂಡೇ ಕೋಡ್ ಬರೆಯುತ್ತಾರೆ. ಪೇಜು ಹ್ಯಾಂಗ್ ಆಗುತ್ತಿದೆಯಾ? ಆ ಫಂಕ್ಷನ್ನನ್ನು ಸೆಟ್‌ಟೈಮ್‌ಔಟ್ (ಇಷ್ಟು ಹೊತ್ತು ಬಿಟ್ಟು ಇದನ್ನು ಓಡಿಸು ಅನ್ನುವ ಆಜ್ಞೆ) ಒಳಗೆ ಹಾಕು, ಸೊನ್ನೆ ಮಿಲಿಸೆಕೆಂಡ್ ಕೊಡು, ಅದು ಹಿಂದೆ ಎಲ್ಲೋ ತನ್ನ ಪಾಡಿಗೆ ಓಡಿಕೊಳ್ಳುತ್ತದೆ ಅನ್ನುವ ಲೆಕ್ಕ. ಹಾಕುತ್ತಾರೆ. ಪೇಜು ಆಗಲೂ ಹ್ಯಾಂಗ್ ಆಗುತ್ತದೆ, ಸ್ವಲ್ಪ ತಡವಾಗಿ ಅಷ್ಟೇ. ಆಮೇಲೆ ಫಂಕ್ಷನ್ನಿಗೆ ಅಸಿಂಕ್ ಸೇರಿಸುತ್ತಾರೆ, ‘ಉತ್ತರ ಬರುವವರೆಗೆ ಕಾಯಿ’ ಅನ್ನುವ ಅವೇಟ್ ಸೇರಿಸುತ್ತಾರೆ, ‘ಉತ್ತರ ಆಮೇಲೆ ಕೊಡುತ್ತೇನೆ’ ಅನ್ನುವ ಚೀಟಿಯಂಥ ಪ್ರಾಮಿಸ್‌ನಲ್ಲಿ ಸುತ್ತಿ ನೋಡುತ್ತಾರೆ. ಊಹೂಂ, ಏನೂ ಬದಲಾಗುವುದಿಲ್ಲ.

ಕೆಲಸವನ್ನು ಆಮೇಲೆ ಮಾಡುವುದು ಬೇರೆ, ಬೇರೆಯವರ ಕೈಲಿ ಮಾಡಿಸುವುದು ಬೇರೆ. ಸೆಟ್‌ಟೈಮ್‌ಔಟ್, ಪ್ರಾಮಿಸ್, ಅವೇಟ್ ಇವೆಲ್ಲ ಮೊದಲನೆಯದನ್ನು ಮಾತ್ರ ಮಾಡುತ್ತವೆ. ಎರಡನೆಯದಕ್ಕೆ ನಿಜವಾಗಿ ಇನ್ನೊಂದು ಥ್ರೆಡ್ (ಕೋಡನ್ನು ಒಂದಾದ ಮೇಲೊಂದು ಓಡಿಸುವ ಒಬ್ಬ ಕೆಲಸಗಾರ ಅಂದುಕೊಳ್ಳಿ) ಬೇಕು, ಇಲ್ಲವೇ ಇನ್ನೊಂದು ಪ್ರೋಸೆಸ್ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್) ಬೇಕು. ಈ ಒಂದು ವ್ಯತ್ಯಾಸವನ್ನು ಯಾರೂ ಮೊದಲ ದಿನವೇ ಹೇಳಿಕೊಡುವುದಿಲ್ಲ, ಅದೇ ತೊಂದರೆ.

ಶುರುವಿನಿಂದ ನೋಡೋಣ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು 10 ದಿನದಲ್ಲಿ ಕಟ್ಟಿದರು. ಬಟನ್ ಒತ್ತಿದರೆ ಏನೋ ಒಂದು ಆಗಬೇಕು, ಫಾರ್ಮ್‌ನಲ್ಲಿ ಹೆಸರು ಖಾಲಿ ಬಿಟ್ಟರೆ ಸರ್ವರಿಗೆ ಹೋಗುವ ಮೊದಲೇ ಎಚ್ಚರಿಸಬೇಕು, ಅಂಥ ಸಣ್ಣಪುಟ್ಟ ಕೆಲಸಗಳಿಗೆ ಅದು ಬಳಕೆಗೆ ಬಂತು. ಅದಕ್ಕೆ ಒಂದೇ ಥ್ರೆಡ್ ಸಾಕಿತ್ತು. ಒಂದೇ ಥ್ರೆಡ್ ಇದ್ದರೆ ಲಾಭವೂ ಇದೆ: ಎರಡು ಕೋಡು ಒಂದೇ ಪೇಜನ್ನು ಒಂದೇ ಹೊತ್ತಿನಲ್ಲಿ ತಿದ್ದುವ ರಗಳೆ ಇಲ್ಲ, ಲಾಕ್ ಹಾಕಿ ತೆಗೆಯುವ ತಲೆನೋವು ಇಲ್ಲ. ಬೆಲೆ ಏನೆಂದರೆ, ನಿಮ್ಮ ಕೋಡು, ಬಳಸುವವರ ಕ್ಲಿಕ್, ಪರದೆಯ ಮೇಲೆ ಚಿತ್ರ ಬರೆಯುವ ಕೆಲಸ, ಎಲ್ಲವೂ ಅದೇ ಥ್ರೆಡ್ಡಿನ ಮುಂದೆ ಸಾಲಾಗಿ ನಿಲ್ಲಬೇಕು.

ಆ ಸಾಲನ್ನು ನೋಡಿಕೊಳ್ಳುವುದು ಇವೆಂಟ್ ಲೂಪ್. ಕ್ಯೂನಲ್ಲಿ ಮುಂದಿರುವ ಕೆಲಸವನ್ನು ತೆಗೆದುಕೊಳ್ಳುತ್ತದೆ, ಪೂರ್ತಿ ಮುಗಿಸುತ್ತದೆ, ಮುಂದಿನದಕ್ಕೆ ಹೋಗುತ್ತದೆ. ಅರ್ಧಕ್ಕೆ ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವ ಅಭ್ಯಾಸ ಇದಕ್ಕಿಲ್ಲ. ಕಟಿಂಗ್ ಶಾಪಿನಲ್ಲಿ ಒಬ್ಬರೇ ಇದ್ದಾರೆ ಅಂದುಕೊಳ್ಳಿ. ‘ಅರ್ಧ ಗಂಟೆ ಬಿಟ್ಟು ಬನ್ನಿ ಸಾರ್’ ಅಂದರು. ನೀವು ಸರಿಯಾಗಿ ಅರ್ಧ ಗಂಟೆಗೆ ಹೋದಿರಿ, ಕುರ್ಚಿಯಲ್ಲಿ ಇನ್ನೊಬ್ಬರು ಕೂತಿದ್ದಾರೆ. ಅವರ ತಲೆಯನ್ನು ಅರ್ಧಕ್ಕೆ ಬಿಟ್ಟು ನಿಮ್ಮನ್ನು ಕೂರಿಸುತ್ತಾರಾ? ಇಲ್ಲ ಅಲ್ವಾ. ಅರ್ಧ ಗಂಟೆ ಅಂದದ್ದು ಅದಕ್ಕಿಂತ ಮುಂಚೆ ಬಂದು ಪ್ರಯೋಜನ ಇಲ್ಲ ಅನ್ನುವ ಅರ್ಥದಲ್ಲಿ. ಸೆಟ್‌ಟೈಮ್‌ಔಟ್‌ಗೆ ಕೊಡುವ ಮಿಲಿಸೆಕೆಂಡೂ ಅಷ್ಟೇ.

ಒಳಗೆ ನಡೆಯುವುದು ಹೀಗೆ. ಸೆಟ್‌ಟೈಮ್‌ಔಟ್ ಜಾವಾಸ್ಕ್ರಿಪ್ಟ್ ಭಾಷೆಯ ಭಾಗವೇ ಅಲ್ಲ. ಭಾಷೆಯ ನಿಯಮಗಳನ್ನು ಹೇಳುವ ಎಕ್ಮಾಸ್ಕ್ರಿಪ್ಟ್ ಸ್ಟ್ಯಾಂಡರ್ಡ್‌ನಲ್ಲಿ ಅದು ಇಲ್ಲ. ಬ್ರೌಸರ್‌ನಲ್ಲಿ ಅದನ್ನು ಕೊಡುವುದು ಬ್ರೌಸರ್ ಕಡೆಯ ವ್ಯವಸ್ಥೆ, ಬ್ರೌಸರ್ ಹೊರಗೆ, ಸರ್ವರ್‌ಗಳಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಕೊಡುವುದು ನೋಡ್. ನೀವು 100 ಮಿಲಿಸೆಕೆಂಡ್ ಅಂತ ಕೊಟ್ಟಾಗ ಗಡಿಯಾರ ನೋಡುವ ಕೆಲಸವನ್ನು ಬ್ರೌಸರ್ ವಹಿಸಿಕೊಳ್ಳುತ್ತದೆ. ಹೊತ್ತು ಆದ ಮೇಲೆ ನಿಮ್ಮ ಕಾಲ್‌ಬ್ಯಾಕನ್ನು, ಅಂದರೆ ನೀವು ಒಳಗೆ ಕೊಟ್ಟ ಫಂಕ್ಷನ್ನನ್ನು, ಕ್ಯೂಗೆ ಸೇರಿಸುತ್ತದೆ. ಅಲ್ಲಿಗೆ ಅದರ ಜವಾಬ್ದಾರಿ ಮುಗಿಯಿತು. 100 ಮಿಲಿಸೆಕೆಂಡಿನ ಟೈಮರ್ ಇಟ್ಟು, ಅದರ ಮುಂದಿನ ಸಾಲಿನಲ್ಲೇ 2 ಸೆಕೆಂಡ್ ತಿರುಗುವ ಲೂಪ್ ಬರೆದು ನೋಡಿ. ಕಾಲ್‌ಬ್ಯಾಕ್ ಓಡುವುದು 2 ಸೆಕೆಂಡ್ ಆದ ಮೇಲೆಯೇ. ಕಾಲ್‌ಬ್ಯಾಕ್ ಒಳಗಿನ ಕೋಡು ಭಾರವಾಗಿದ್ದರೆ ಆ ಭಾರ ಬೀಳುವುದೂ ಅದೇ ಒಂದು ಥ್ರೆಡ್ಡಿನ ಮೇಲೆ.

ಇನ್ನು ಪ್ರಾಮಿಸ್. ಇಲ್ಲಿ ಎರಡನೇ ಕ್ಯೂ ಒಂದಿದೆ, ಮೈಕ್ರೋಟಾಸ್ಕ್ ಕ್ಯೂ ಅಂತ. ನಾಲ್ಕು ಸಾಲಿನ ಒಂದು ಪ್ರೋಗ್ರಾಮ್ ತೆಗೆದುಕೊಳ್ಳಿ. ಮೊದಲ ಸಾಲು ಕನ್ಸೋಲ್‌ಗೆ ‘ಒಂದು’ ಅಂತ ಬರೆಯುತ್ತದೆ. ಎರಡನೇ ಸಾಲು ಸೊನ್ನೆ ಮಿಲಿಸೆಕೆಂಡಿನ ಸೆಟ್‌ಟೈಮ್‌ಔಟ್ ಒಳಗೆ ‘ಎರಡು’ ಬರೆಯುತ್ತದೆ. ಮೂರನೆಯದು ಆಗಲೇ ಈಡೇರಿದ ಪ್ರಾಮಿಸ್‌ನ ದೆನ್ (ಈಡೇರಿದ ಮೇಲೆ ಇದನ್ನು ಓಡಿಸು ಅನ್ನುವ ಭಾಗ) ಒಳಗೆ ‘ಮೂರು’. ಕೊನೆಯ ಸಾಲು ಸುಮ್ನೆ ‘ನಾಲ್ಕು’. ಓಡಿಸಿದರೆ ಬರುವ ಕ್ರಮ: ಒಂದು, ನಾಲ್ಕು, ಮೂರು, ಎರಡು. ಇಂಟರ್‌ವ್ಯೂಗಳಲ್ಲಿ ಇದನ್ನು ಕೇಳಿ ಕೇಳಿ ಸವೆಸಿಬಿಟ್ಟಿದ್ದಾರೆ, ಆದರೂ ಕಾರಣ ಗೊತ್ತಿರುವುದು ಒಳ್ಳೆಯದು. ಈಗ ಓಡುತ್ತಿರುವ ಕೋಡು ಮೊದಲು ಮುಗಿಯಬೇಕು, ಹಾಗಾಗಿ ಒಂದು, ನಾಲ್ಕು. ಅದು ಮುಗಿದ ಕೂಡಲೇ, ಮುಂದಿನ ಟಾಸ್ಕಿಗೆ ಕೈ ಹಾಕುವ ಮೊದಲು, ಮೈಕ್ರೋಟಾಸ್ಕ್ ಕ್ಯೂ ಪೂರ್ತಿ ಖಾಲಿ ಆಗಬೇಕು. ಟೈಮರ್ ಇರುವುದು ಇನ್ನೊಂದು ಕ್ಯೂನಲ್ಲಿ, ಅದು ಕಾಯುತ್ತದೆ.

‘ಪೂರ್ತಿ ಖಾಲಿ’ ಅನ್ನುವುದನ್ನು ಗಮನಿಸಿ. ಮೈಕ್ರೋಟಾಸ್ಕ್ ಓಡುವಾಗ ಇನ್ನೊಂದು ಮೈಕ್ರೋಟಾಸ್ಕ್ ಸೇರಿಸಿದರೆ ಅದೂ ಈಗಲೇ ಓಡಬೇಕು. ಹೀಗೆ ತನ್ನನ್ನು ತಾನೇ ಮತ್ತೆ ಮತ್ತೆ ಕರೆದುಕೊಳ್ಳುವ ಪ್ರಾಮಿಸ್ ಸರಪಳಿ ಬರೆದರೆ ಪೇಜು ಪೂರ್ತಿ ಸತ್ತ ಹಾಗೆ. ಕ್ಲಿಕ್ ಇಲ್ಲ, ಸ್ಕ್ರೋಲ್ ಮಾಡಿದರೂ ಹೊಸದೇನೂ ಕಾಣುವುದಿಲ್ಲ. ಅದನ್ನೇ ಸೆಟ್‌ಟೈಮ್‌ಔಟ್‌ನಲ್ಲಿ ಬರೆದರೆ ಪೇಜು ಬದುಕಿರುತ್ತದೆ, ಯಾಕೆಂದರೆ ಎರಡು ಟೈಮರ್‌ಗಳ ನಡುವೆ ಬ್ರೌಸರ್‌ಗೆ ಉಸಿರು ಬಿಡಲು ಜಾಗ ಸಿಗುತ್ತದೆ. ಹಾಗಾಗಿ ‘ಬ್ರೌಸರ್‌ಗೆ ಸ್ವಲ್ಪ ದಾರಿ ಬಿಡು’ ಅಂತ ಈಡೇರಿದ ಪ್ರಾಮಿಸ್ ಮೇಲೆ ಅವೇಟ್ ಹಾಕುವವರು ದಾರಿ ಬಿಟ್ಟೇ ಇರುವುದಿಲ್ಲ.

ಅಸಿಂಕ್ ಫಂಕ್ಷನ್ ಬಗ್ಗೆಯೂ ಇದೇ ಭ್ರಮೆ. ಮೊದಲ ಅವೇಟ್ ಸಿಗುವವರೆಗೆ ಅದು ಮಾಮೂಲಿ ಫಂಕ್ಷನ್ ತರಹವೇ, ಕರೆದ ಜಾಗದಲ್ಲೇ ಓಡುತ್ತದೆ. ನೆಟ್‌ವರ್ಕಿಗೆ ಅವೇಟ್ ಹಾಕಿದಾಗ ಕಾಯುವ ಹೊತ್ತು ನಿಜಕ್ಕೂ ಬೇರೆಯವರ ಪಾಲಿಗೆ ಹೋಗುತ್ತದೆ, ಅದಕ್ಕೇ ಅಲ್ಲಿ ಲಾಭ. ಲಕ್ಷ ಸಾಲು ಸಾರ್ಟ್ ಮಾಡುವ ಫಂಕ್ಷನ್ ಮೇಲೆ ಅಸಿಂಕ್ ಬರೆದರೆ? ಕಾಯುವುದಕ್ಕೆ ಅಲ್ಲಿ ಏನೂ ಇಲ್ಲ, ದುಡಿಯುವುದು ಮಾತ್ರ ಇದೆ. ದುಡಿಯುವವರು ಒಬ್ಬರೇ.

ಟೈಮರ್‌ಗಳು ಸುಳ್ಳು ಹೇಳುವ ಜಾಗಗಳನ್ನೂ ನೋಡಿಬಿಡೋಣ, ಇಲ್ಲಿ ಬೀಳುವವರು ಜಾಸ್ತಿ.

ಟೈಮರ್ ಒಳಗಿಂದ ಟೈಮರ್ ಇಡುತ್ತಾ ಹೋದರೆ, 5 ಹಂತ ದಾಟಿದ ಮೇಲೆ ಬ್ರೌಸರ್ ಕನಿಷ್ಠ 4 ಮಿಲಿಸೆಕೆಂಡ್ ಮಾಡಿಬಿಡುತ್ತದೆ, ನೀವು ಸೊನ್ನೆ ಕೊಟ್ಟರೂ ಸರಿ. ಇದು ಎಚ್‌ಟಿಎಂಎಲ್ ಸ್ಟ್ಯಾಂಡರ್ಡ್‌ನಲ್ಲೇ ಇದೆ. ನೋಡ್‌ನಲ್ಲಿ ಸೊನ್ನೆ ಕೊಟ್ಟರೆ ಅದು 1 ಆಗುತ್ತದೆ. ಇನ್ನೊಂದು ತುದಿಯಲ್ಲೂ ಮಿತಿ ಇದೆ: ಈ ಸಂಖ್ಯೆಯನ್ನು 32 ಬಿಟ್‌ನಲ್ಲಿ ಇಡುವುದರಿಂದ 2147483647 ಮಿಲಿಸೆಕೆಂಡ್‌ವರೆಗೆ ಮಾತ್ರ, ಅಂದರೆ 24 ದಿನ 20 ಗಂಟೆ ಚಿಲ್ಲರೆ. ‘30 ದಿನ ಬಿಟ್ಟು ರಿಮೈಂಡರ್ ಕಳಿಸು’ ಅಂತ ಟೈಮರ್ ಇಟ್ಟರೆ ಅದು 30 ದಿನ ಕಾಯುವುದಿಲ್ಲ, ಈಗಲೇ ಸಿಡಿಯುತ್ತದೆ! ಇಂಥದ್ದನ್ನು ಟೆಸ್ಟ್ ಮಾಡುವಾಗ ಎಲ್ಲರೂ 5 ಸೆಕೆಂಡ್ ಕೊಟ್ಟು ನೋಡುತ್ತಾರೆ, ಅದು ಚೆನ್ನಾಗಿಯೇ ಓಡುತ್ತದೆ.

ಆಮೇಲೆ ಟ್ಯಾಬ್ ಮರೆಯಾದಾಗ. ಬೇರೆ ಟ್ಯಾಬಿಗೆ ಹೋದರೆ ಹಿಂದೆ ಉಳಿದ ಪೇಜಿನ ಟೈಮರ್‌ಗಳನ್ನು ಬ್ರೌಸರ್‌ಗಳು ಸೆಕೆಂಡಿಗೆ ಒಂದು ಸಲಕ್ಕೆ ಇಳಿಸುತ್ತವೆ. ಕ್ರೋಮ್ 2021ರ ಜನವರಿಯಲ್ಲಿ ಬಂದ 88ನೇ ಆವೃತ್ತಿಯಿಂದ ಇನ್ನೂ ಬಿಗಿ ಮಾಡಿತು: 5 ನಿಮಿಷಕ್ಕಿಂತ ಜಾಸ್ತಿ ಮರೆಯಲ್ಲಿದ್ದು, ಸದ್ದೂ ಮಾಡದೆ ಇದ್ದರೆ, ಸರಪಳಿ ಟೈಮರ್‌ಗಳಿಗೆ ನಿಮಿಷಕ್ಕೆ ಒಂದೇ ಸಲ ಅವಕಾಶ. ಬ್ಯಾಟರಿ ಉಳಿಸಲು ಮಾಡಿದ್ದು, ತಪ್ಪೇನಿಲ್ಲ.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ಅಂದರೆ ಒಟಿಪಿ ಪೇಜಿನಲ್ಲಿ. ‘30 ಸೆಕೆಂಡ್ ನಂತರ ಮತ್ತೆ ಕಳಿಸಿ’ ಅನ್ನುವ ಕೌಂಟ್‌ಡೌನ್ ಇರುತ್ತದಲ್ಲ, ಅದನ್ನು ಹೆಚ್ಚಿನವರು ಸೆಟ್‌ಇಂಟರ್ವಲ್ (ಇಷ್ಟಿಷ್ಟು ಹೊತ್ತಿಗೊಮ್ಮೆ ಮತ್ತೆ ಮತ್ತೆ ಓಡಿಸುವ ಟೈಮರ್) ಇಟ್ಟು ಪ್ರತಿ ಸಲ ಒಂದು ಕಳೆಯುತ್ತಾ ಬರೆಯುತ್ತಾರೆ. ಬಳಸುವವರು ಮೆಸೇಜ್ ನೋಡಲು ಇನ್ನೊಂದು ಆ್ಯಪ್‌ಗೆ ಹೋಗುತ್ತಾರೆ, ಫೋನ್ ಪೇಜನ್ನು ನಿಧಾನ ಮಾಡುತ್ತದೆ ಅಥವಾ ನಿಲ್ಲಿಸಿಯೇ ಬಿಡುತ್ತದೆ, ಒಂದು ನಿಮಿಷ ಬಿಟ್ಟು ವಾಪಸ್ ಬಂದರೆ ಕೌಂಟರ್ ಇನ್ನೂ 24ರಲ್ಲಿ ಕೂತಿದೆ. ಟೈಮರ್ ಎಷ್ಟು ಸಲ ಹೊಡೆಯಿತು ಅಂತ ಎಣಿಸುವ ಬದಲು ಮುಗಿಯಬೇಕಾದ ಸಮಯವನ್ನು ಬರೆದಿಟ್ಟುಕೊಳ್ಳಿ. ಪ್ರತಿ ಸಲ ಈಗಿನ ಸಮಯವನ್ನು ಅದರಿಂದ ಕಳೆದು ತೋರಿಸಿ. ಟೈಮರ್ ಇರುವುದು ಪರದೆಯನ್ನು ಹೊಸದು ಮಾಡಲು ಮಾತ್ರ, ಲೆಕ್ಕ ಇಡುವುದು ಗಡಿಯಾರದ ಕೆಲಸ.

ಸೆಟ್‌ಇಂಟರ್ವಲ್‌ನ ಇನ್ನೊಂದು ಕಾಟ. ಪೇಮೆಂಟ್ ಆಯಿತಾ ಇಲ್ಲವಾ ಅಂತ ಪ್ರತಿ 3 ಸೆಕೆಂಡಿಗೆ ಸರ್ವರನ್ನು ಕೇಳುವ ಪೇಜು ಇದೆ ಅಂದುಕೊಳ್ಳಿ. ನೆಟ್‌ವರ್ಕ್ ಸರಿ ಇಲ್ಲ, ಉತ್ತರ ಬರಲು 8 ಸೆಕೆಂಡ್ ಹಿಡಿಯುತ್ತದೆ. ಹಿಂದಿನ ಉತ್ತರ ಬಂತಾ ಅಂತ ಸೆಟ್‌ಇಂಟರ್ವಲ್ ಕೇಳುವುದಿಲ್ಲ, ಹೊತ್ತಿಗೆ ಸರಿಯಾಗಿ ಇನ್ನೊಂದು ರಿಕ್ವೆಸ್ಟ್ ಕಳಿಸುತ್ತದೆ, ಮತ್ತೊಂದು ಕಳಿಸುತ್ತದೆ. ಉತ್ತರಗಳು ಹಿಂದೆ ಮುಂದೆ ಆಗಿ ಬರಬಹುದು. ‘ಆಯಿತು’ ಅನ್ನುವುದು ಮೊದಲು ಬಂದು, ಹಳೆಯ ‘ಬಾಕಿ ಇದೆ’ ಆಮೇಲೆ ಬಂದು ಅದನ್ನು ಅಳಿಸಿಹಾಕಬಹುದು. ನನ್ನ ಮಟ್ಟಿಗೆ, ಒಳಗೆ ಅವೇಟ್ ಇದ್ದರೆ ಸೆಟ್‌ಇಂಟರ್ವಲ್ ಬೇಡವೇ ಬೇಡ. ಉತ್ತರ ಬಂದ ಮೇಲೆ ಮುಂದಿನ ಸೆಟ್‌ಟೈಮ್‌ಔಟ್ ಇಡಿ, ಸರಪಳಿಯ ಹಾಗೆ. ಪೇಜು ಬಿಟ್ಟು ಹೋಗುವಾಗ ಆ ಟೈಮರನ್ನು ಕ್ಲಿಯರ್‌ಟೈಮ್‌ಔಟ್ ಮಾಡಲು ಮರೆಯಬೇಡಿ.

ತಡ ಮಾಡುವುದೇ ಒಳ್ಳೆಯದಾದ ಜಾಗವೂ ಇದೆ. ಸರ್ಚ್ ಬಾಕ್ಸಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ನೆನೆಸಿಕೊಳ್ಳಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಸುವ ಕೀಬೋರ್ಡಿನಲ್ಲಿ ‘ಮೈಸೂರು’ ಅಂತ ಮೂಡುವ ಮೊದಲು ಮ್, ಮ, ಮೈ, ಮೈಸ್ ಅಂತ ಅರೆಬರೆ ರೂಪಗಳು ಬಂದು ಹೋಗುತ್ತವೆ. ಪ್ರತಿ ಬದಲಾವಣೆಗೂ ಒಂದು ಇನ್‌ಪುಟ್ ಇವೆಂಟ್. ಪ್ರತಿಯೊಂದಕ್ಕೂ ಸರ್ವರ್‌ಗೆ ಹೋದರೆ ‘ಮೈಸ್’ ಅಂತ ಯಾರೂ ಕೇಳದ್ದನ್ನು ಹುಡುಕುತ್ತಾ ಕೂರಬೇಕು. ಅದಕ್ಕೆ ಡಿಬೌನ್ಸ್: ಇವೆಂಟ್ ಬಂದಾಗ ಹಳೆಯ ಟೈಮರ್ ಕಿತ್ತುಹಾಕು, 300 ಮಿಲಿಸೆಕೆಂಡಿನ ಹೊಸದು ಇಡು. ಕೈ ನಿಂತ ಮೇಲೆ ಒಂದೇ ಸಲ ಹುಡುಕಾಟ. ಕನ್ನಡ ಟೈಪಿಂಗಿಗೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಕೊಟ್ಟರೂ ನಡೆಯುತ್ತದೆ. ಜೊತೆಗೆ ಕಂಪೊಸಿಷನ್ ಇವೆಂಟ್‌ಗಳನ್ನು (ಪದ ಕೂಡಿಸಲು ಶುರು ಮಾಡಿದೆ, ಮುಗಿಸಿದೆ ಅನ್ನುವ ಸೂಚನೆಗಳನ್ನು) ಕಳಿಸುವ ಕೀಬೋರ್ಡ್ ಆದರೆ ಪದ ಕೂಡಿ ಮುಗಿಯುವವರೆಗೆ ಕಾಯಬಹುದು. ಇಂಗ್ಲಿಷ್ ಒಂದರಲ್ಲೇ ಟೆಸ್ಟ್ ಮಾಡುವ ತಂಡಗಳಿಗೆ ಇದು ಹೊಳೆಯುವುದೇ ಇಲ್ಲ.

ಈಗ ಭಾರದ ಕೆಲಸಕ್ಕೆ ಬರೋಣ. ಬಳಸುವವರು 50,000 ಸಾಲಿನ ಸಿಎಸ್‌ವಿ ಫೈಲ್ (ಪಟ್ಟಿಯನ್ನು ಸಾದಾ ಅಕ್ಷರದಲ್ಲಿ ಬರೆದಿಟ್ಟ ಫೈಲ್) ಹಾಕಿದ್ದಾರೆ, ಪ್ರತಿ ಸಾಲನ್ನೂ ಪರಿಶೀಲಿಸಬೇಕು. ಒಂದೇ ಲೂಪಿನಲ್ಲಿ ಮಾಡಿದರೆ ಪೇಜು ಹೆಪ್ಪುಗಟ್ಟುತ್ತದೆ. ಸರಿ, ಸಾಲಿಗೊಂದು ಸೆಟ್‌ಟೈಮ್‌ಔಟ್ ಇಡೋಣ ಅಂದರೆ, ಮೇಲೆ ಹೇಳಿದ 4 ಮಿಲಿಸೆಕೆಂಡ್ ನೆನಪಿದೆಯಲ್ಲ, 50,000 ಸಾಲಿಗೆ ಬರೀ ಕಾಯುವುದಕ್ಕೇ 200 ಸೆಕೆಂಡ್. ಮೂರು ನಿಮಿಷಕ್ಕಿಂತ ಜಾಸ್ತಿ! ಸಾಲು ಎಣಿಸಿ ತುಂಡು ಮಾಡುವ ಬದಲು ಹೊತ್ತು ನೋಡಿ ತುಂಡು ಮಾಡುವುದು ಸರಿಯಾದ ದಾರಿ. ಲೂಪ್ ಓಡಿಸಿ, ಎಷ್ಟು ಹೊತ್ತಾಯಿತು ಅಂತ ಬ್ರೌಸರ್‌ನ ಗಡಿಯಾರವಾದ ಪರ್ಫಾರ್ಮೆನ್ಸ್ ಡಾಟ್ ನೌ ಕೇಳುತ್ತಿರಿ, 10 ಮಿಲಿಸೆಕೆಂಡ್ ಆಯಿತಾ, ಅಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಮುಂದಿನ ಟಾಸ್ಕಿಗೆ ಬಿಡಿ. ವೇಗದ ಲ್ಯಾಪ್‌ಟಾಪಿನಲ್ಲಿ ಒಂದು ತುಂಡಿಗೆ ಸಾವಿರಾರು ಸಾಲು ಹೋಗುತ್ತದೆ, ಹಳೆಯ ಫೋನಿನಲ್ಲಿ ನೂರಿನ್ನೂರು, ಎರಡೂ ಕಡೆ ಪೇಜು ಜೀವಂತ. ವೆಬ್ ಪೇಜು ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿಯ ಶೆಡ್ಯೂಲರ್ ಮಾಡುವುದೂ ಇದನ್ನೇ. ಸುಮಾರು 5 ಮಿಲಿಸೆಕೆಂಡ್ ಕೆಲಸ, ಆಮೇಲೆ ದಾರಿ ಬಿಡುವುದು. ಬ್ರೌಸರ್‌ನಲ್ಲಿ ಅದು ಸೆಟ್‌ಟೈಮ್‌ಔಟ್ ಬದಲು ಮೆಸೇಜ್‌ಚಾನೆಲ್ ಬಳಸುತ್ತದೆ, ಆ 4 ಮಿಲಿಸೆಕೆಂಡಿನ ದಂಡ ತಪ್ಪಿಸಿಕೊಳ್ಳಲು. ಕ್ರೋಮ್ 129ರಿಂದ ಶೆಡ್ಯೂಲರ್ ಡಾಟ್ ಯೀಲ್ಡ್ ಅಂತಲೇ ಬಂದಿದೆ, ಸಿಗುವ ಕಡೆ ಅದನ್ನು ಬಳಸಿ.

ಎಷ್ಟು ಉದ್ದವಾದರೆ ಉದ್ದ? 50 ಮಿಲಿಸೆಕೆಂಡ್ ದಾಟಿದ ಟಾಸ್ಕನ್ನು ಬ್ರೌಸರ್ ಅಳತೆಗಳಲ್ಲಿ ‘ಲಾಂಗ್ ಟಾಸ್ಕ್’ ಅನ್ನುತ್ತಾರೆ. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ಪರ್ಫಾರ್ಮೆನ್ಸ್ ಟ್ಯಾಬ್ ತೆರೆದು ರೆಕಾರ್ಡ್ ಮಾಡಿದರೆ ಅಂಥವು ಕೆಂಪು ಗುರುತಿನೊಂದಿಗೆ ಕಾಣುತ್ತವೆ. ಊಹೆ ಮಾಡುವ ಮೊದಲು ಒಂದು ಸಲ ಅದನ್ನು ನೋಡುವುದು ವಾಸಿ.

ಆದರೆ ತುಂಡು ಮಾಡಿದರೂ ಕೆಲಸ ಅದೇ ಥ್ರೆಡ್ಡಿನಲ್ಲೇ. ನಿಜವಾದ ಬ್ಯಾಕ್‌ಗ್ರೌಂಡ್ ಬೇಕಾದರೆ ವೆಬ್ ವರ್ಕರ್. ಇದು ಬೇರೆಯೇ ಥ್ರೆಡ್, ಇದಕ್ಕೆ ತನ್ನದೇ ಇವೆಂಟ್ ಲೂಪ್ ಇದೆ. ಪೇಜಿನ ಡಾಮ್, ಅಂದರೆ ಪೇಜಿನಲ್ಲಿರುವ ಬಟನ್, ಬರಹ ಇತ್ಯಾದಿಗಳನ್ನು ಮುಟ್ಟಲು ಆಗುವುದಿಲ್ಲ, ವಿಂಡೋ ಇಲ್ಲ. ಮಾತುಕತೆ ಎಲ್ಲ ಪೋಸ್ಟ್‌ಮೆಸೇಜ್ ಮೂಲಕ. ಹೀಗೆ ಕಳಿಸುವ ಡೇಟಾ ಮಾಮೂಲಿಗೆ ನಕಲಾಗಿ ಹೋಗುತ್ತದೆ, ಫಂಕ್ಷನ್ ಕಳಿಸಲು ನೋಡಿದರೆ ಎರರ್. ದೊಡ್ಡ ಆಬ್ಜೆಕ್ಟನ್ನು ನಕಲು ಮಾಡುವುದೇ ಒಂದು ಲಾಂಗ್ ಟಾಸ್ಕ್ ಆಗಿಬಿಡಬಹುದು; ವರ್ಕರ್ ಹಾಕಿಯೂ ಪೇಜು ತಡವರಿಸುತ್ತಿದ್ದರೆ ಮೊದಲು ಇಲ್ಲಿ ಹುಡುಕಿ. ಸಿಎಸ್‌ವಿ ಉದಾಹರಣೆಯಲ್ಲಿ ಫೈಲನ್ನು ಪೇಜಿನಲ್ಲಿ ಓದಿ, ಒಡೆದು, ಆಬ್ಜೆಕ್ಟ್ ಮಾಡಿ ವರ್ಕರ್‌ಗೆ ಕಳಿಸುವುದು ದಡ್ಡತನ. ಫೈಲ್ ಹ್ಯಾಂಡಲನ್ನೇ ಕಳಿಸಿ, ಓದುವುದು ಒಡೆಯುವುದು ಎಲ್ಲ ಅಲ್ಲೇ ಆಗಲಿ, ವಾಪಸ್ ಬರುವುದು ತಪ್ಪಿರುವ ಸಾಲುಗಳ ಪಟ್ಟಿ ಮಾತ್ರ. ಅರೇಬಫರ್ ಆದರೆ ನಕಲು ಮಾಡದೆ ಒಡೆತನವನ್ನೇ ದಾಟಿಸಬಹುದು, ದಾಟಿಸಿದ ಮೇಲೆ ಈ ಕಡೆ ಅದು ಖಾಲಿ. ಎರಡೂ ಕಡೆಯಿಂದ ಒಂದೇ ಮೆಮೊರಿ ನೋಡುವ ಶೇರ್ಡ್‌ಅರೇಬಫರ್ ಕೂಡ ಇದೆ. 2018ರ ಜನವರಿಯಲ್ಲಿ ಪ್ರೊಸೆಸರ್‌ಗಳಲ್ಲಿನ ಸ್ಪೆಕ್ಟರ್ ಅನ್ನುವ ಭದ್ರತಾ ದೋಷ ಹೊರಬಿದ್ದಾಗ ಬ್ರೌಸರ್‌ಗಳು ಅದನ್ನು ನಿಲ್ಲಿಸಿದ್ದವು, ಈಗ ಸರ್ವರಿನಿಂದ ವಿಶೇಷ ಹೆಡರ್‌ಗಳು ಬಂದರೆ ಮಾತ್ರ ಸಿಗುತ್ತದೆ.

ನೋಡ್‌ನ ಕಥೆ ಸ್ವಲ್ಪ ಬೇರೆ. 2009ರಲ್ಲಿ ರಯಾನ್ ಡಾಲ್ ತಂದ ಇದರಲ್ಲೂ ನಿಮ್ಮ ಕೋಡು ಓಡುವುದು ಒಂದೇ ಥ್ರೆಡ್ಡಿನಲ್ಲಿ, ಆದರೆ ಕೆಳಗೆ ಲಿಬ್‌ಯುವಿ ಅಂತ ಒಂದು ಲೈಬ್ರರಿ ಇದೆ, ಅದರ ಕೈಯಲ್ಲಿ ಥ್ರೆಡ್ ಪೂಲ್ ಇದೆ. ಹೇಳದೆ ಬಿಟ್ಟರೆ 4 ಥ್ರೆಡ್. ಫೈಲ್ ಓದುವುದು, ಜಿಪ್ ಮಾಡುವುದು, ಪಾಸ್‌ವರ್ಡ್ ಹ್ಯಾಶ್ ಮಾಡುವ ಪಿಬಿಕೆಡಿಎಫ್2, ಇವು ಅಲ್ಲಿಗೆ ಹೋಗುತ್ತವೆ. ನೆಟ್‌ವರ್ಕ್ ಸಾಕೆಟ್‌ಗಳು ಹೋಗುವುದಿಲ್ಲ, ಅವನ್ನು ಆಪರೇಟಿಂಗ್ ಸಿಸ್ಟಮ್ಮೇ ಗಮನಿಸಿ ಹೇಳುತ್ತದೆ. ಕಣ್ಣಾರೆ ನೋಡಬೇಕಾದರೆ, 4 ಅಥವಾ ಜಾಸ್ತಿ ಕೋರ್ ಇರುವ ಕಂಪ್ಯೂಟರಿನಲ್ಲಿ ಪಿಬಿಕೆಡಿಎಫ್2ವನ್ನು ಒಟ್ಟಿಗೆ 5 ಸಲ ಕರೆಯಿರಿ, ಪ್ರತಿಯೊಂದೂ ಮುಗಿದ ಹೊತ್ತು ಬರೆಸಿ. ಮೊದಲ ನಾಲ್ಕು ಹೆಚ್ಚುಕಡಿಮೆ ಒಟ್ಟಿಗೆ ಮುಗಿಯುತ್ತವೆ, ಐದನೆಯದಕ್ಕೆ ಸುಮಾರು ಎರಡರಷ್ಟು ಹೊತ್ತು. ಸಾಲಿನಲ್ಲಿ ನಿಂತಿತ್ತು, ಪಾಪ.

ಇದರಲ್ಲಿ ಒಂದು ಕಳ್ಳ ಗಂಟು ಇದೆ. ಹೆಸರಿನಿಂದ ಐಪಿ ವಿಳಾಸ ಹುಡುಕುವ ಡಿಎನ್‌ಎಸ್ ಡಾಟ್ ಲುಕಪ್ ಕೂಡ ಇದೇ ಪೂಲನ್ನೇ ಬಳಸುತ್ತದೆ. ಬೆಳಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗುತ್ತಾರೆ, ನಾಲ್ಕೂ ಥ್ರೆಡ್ ಪಾಸ್‌ವರ್ಡ್ ಹ್ಯಾಶ್ ಮಾಡುತ್ತಾ ಕೂತಿವೆ, ಅದೇ ಹೊತ್ತಿಗೆ ಇನ್ನೊಂದು ಸರ್ವರಿಗೆ ಹೋಗಬೇಕಾದ ರಿಕ್ವೆಸ್ಟ್ ಹೆಸರು ಹುಡುಕಲು ಥ್ರೆಡ್ ಸಿಗದೆ ನಿಂತಿದೆ. ನೀವು ನೆಟ್‌ವರ್ಕ್ ತಂಡದವರನ್ನು ಬೈಯುತ್ತಿರುತ್ತೀರಿ. ಯುವಿ ಥ್ರೆಡ್‌ಪೂಲ್ ಸೈಜ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಈ ಸಂಖ್ಯೆ ಏರಿಸಬಹುದು. ನಿಮ್ಮದೇ ಜಾವಾಸ್ಕ್ರಿಪ್ಟ್ ಲೆಕ್ಕಾಚಾರ ಭಾರವಾಗಿದ್ದರೆ ಮಾತ್ರ ಈ ಪೂಲ್ ಕೈ ಹಿಡಿಯುವುದಿಲ್ಲ, ಅದಕ್ಕೆ ವರ್ಕರ್ ಥ್ರೆಡ್ಸ್ ಬೇಕು.

ಪೈಥಾನ್‌ನ ಅಸಿಂಕ್‌ಐಒ ಬಳಸುವವರಿಗೂ ಇದೇ ಪಾಠ, ಬಟ್ಟೆ ಬೇರೆ. ಕೊರೂಟೀನ್ (ಅಲ್ಲಿನ ಅಸಿಂಕ್ ಫಂಕ್ಷನ್) ಒಳಗೆ ಟೈಮ್ ಡಾಟ್ ಸ್ಲೀಪ್ ಬರೆದರೆ ಇಡೀ ಲೂಪ್ ಮಲಗುತ್ತದೆ, ಅಸಿಂಕ್‌ಐಒ ಡಾಟ್ ಸ್ಲೀಪ್‌ಗೆ ಅವೇಟ್ ಹಾಕಬೇಕು.

ಇನ್ನು, ದಿನಗಟ್ಟಲೆ ತಡ ಆಗಬೇಕಾದ ಕೆಲಸ. ಟೈಮರ್ ಇರುವುದು ಪ್ರೋಸೆಸ್‌ನ ಮೆಮೊರಿಯಲ್ಲಿ. ಹೊಸ ಆವೃತ್ತಿ ಏರಿಸಲು ಸರ್ವರ್ ರೀಸ್ಟಾರ್ಟ್ ಮಾಡಿದಿರಿ, ಅಲ್ಲಿದ್ದ ಟೈಮರ್ ಎಲ್ಲ ಹೋಯಿತು, ಯಾರಿಗೂ ಎರರ್ ಕೂಡ ಬರಲಿಲ್ಲ. ‘ನಾಳೆ ಬೆಳಗ್ಗೆ ರೋಗಿಗೆ ಅಪಾಯಿಂಟ್‌ಮೆಂಟ್ ನೆನಪಿಸು’ ಅನ್ನುವಂಥದ್ದನ್ನು ಡೇಟಾಬೇಸಿನಲ್ಲಿ ಒಂದು ಸಾಲಾಗಿ ಬರೆಯಬೇಕು: ಏನು ಮಾಡಬೇಕು, ಯಾವಾಗ, ಆಯಿತಾ ಇಲ್ಲವಾ. ನಿಮಿಷಕ್ಕೊಮ್ಮೆ ಒಂದು ಸಣ್ಣ ಪ್ರೋಗ್ರಾಮ್ ಬಂದು ಹೊತ್ತು ಮೀರಿದ ಸಾಲುಗಳನ್ನು ಎತ್ತಿಕೊಂಡರೆ ಸಾಕು. ರೆಡಿಸ್ ಮೇಲೆ ಓಡುವ ಬುಲ್‌ಎಂಕ್ಯೂ ಥರದ ಲೈಬ್ರರಿಗಳು ಇದನ್ನೇ ಅಚ್ಚುಕಟ್ಟಾಗಿ ಮಾಡಿಕೊಡುತ್ತವೆ, ಆದರೆ ಸಣ್ಣ ವ್ಯವಸ್ಥೆಗೆ ಒಂದು ಟೇಬಲ್ ಮತ್ತು ಹೇಳಿದ ಹೊತ್ತಿಗೆ ಪ್ರೋಗ್ರಾಮ್ ಓಡಿಸುವ ಕ್ರಾನ್ ಧಾರಾಳ.

ಎತ್ತಿಕೊಳ್ಳುವ ಪ್ರೋಗ್ರಾಮ್ ಎರಡು ಕಡೆ ಓಡುತ್ತಿದ್ದರೆ ಇಬ್ಬರೂ ಒಂದೇ ಸಾಲು ಹಿಡಿಯಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ‘ಸ್ಕಿಪ್ ಲಾಕ್ಡ್’ ಇದೆ, ಒಬ್ಬರು ಹಿಡಿದ ಸಾಲನ್ನು ಇನ್ನೊಬ್ಬರು ಬಿಟ್ಟು ಮುಂದೆ ಹೋಗುತ್ತಾರೆ. ಇಷ್ಟು ಮಾಡಿದರೂ ಎಸ್‌ಎಂಎಸ್ ಹೋದ ಮೇಲೆ, ‘ಆಯಿತು’ ಅಂತ ಬರೆಯುವ ಮೊದಲು ಪ್ರೋಸೆಸ್ ಸತ್ತರೆ ಅದೇ ಕೆಲಸ ಮತ್ತೆ ಓಡುತ್ತದೆ. ಅದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಹಾಗಾಗಿ ಪ್ರತಿ ಕೆಲಸಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಕಳಿಸುವ ಕಡೆಯವರು ಅದೇ ಸಂಖ್ಯೆ ಎರಡನೇ ಸಲ ಬಂದರೆ ತಿರಸ್ಕರಿಸುವ ಹಾಗೆ ಮಾಡಿ. ಆ ಸೌಲಭ್ಯ ಇಲ್ಲದಿದ್ದರೆ, ಎರಡು ಸಲ ನೆನಪಿಸಿದರೆ ಪರವಾಗಿಲ್ಲವಾ ಅಥವಾ ಒಂದು ಸಲವೂ ಹೋಗದಿದ್ದರೆ ಪರವಾಗಿಲ್ಲವಾ ಅಂತ ಮೊದಲೇ ತೀರ್ಮಾನಿಸಿ, ‘ಆಯಿತು’ ಅನ್ನುವ ಸಾಲನ್ನು ಕಳಿಸಿದ ಮೇಲೆ ಬರೆಯಬೇಕೋ ಕಳಿಸುವ ಮುಂಚೆ ಬರೆಯಬೇಕೋ ಅನ್ನುವುದನ್ನು ಅದರ ಮೇಲೆ ಇಡಿ. ಅಪಾಯಿಂಟ್‌ಮೆಂಟ್ ನೆನಪಿಸುವುದಾದರೆ ಕಳಿಸಿದ ಮೇಲೆ. ಹಣ ಕಡಿತ ಮಾಡುವುದಾದರೆ ಮುಂಚೆ.